ತಾಳಿದವನು ಮತ್ತು ಬಾಳಿದವನು

ಕೆಲವು ವರ್ಷಗಳ ಹಿಂದೆ ಒಂದು ಜೀವನಚರಿತ್ರೆಯ ಹತ್ತಿಪ್ಪತ್ತು ಪುಟಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವನ್ನು ಒಪ್ಪಿಕೊಂಡಿದ್ದೆ. ಕೊನೆಯ ಪುಟದಲ್ಲಿ ‘ಶೀ ಸರ್ವೈವ್ಡ್ ಹಿಮ್ ಬೈ ಇಲೆವೆನ್ ಇಯರ್ಸ್’ ಎಂಬ ವಾಕ್ಯವಿತ್ತು. ಸರ್ವೈವ್ ಎಂದರೆ ಬದುಕುಳಿಯುವುದು ಎಂದಷ್ಟೇ ತಿಳಿದಿದ್ದ ನಾನು, ಆಕೆ ಗಂಡನನ್ನು ಹನ್ನೊಂದು ವರ್ಷ ಬದುಕಿಸಿಕೊಂಡಳು ಎಂದು ಬರೆದು, ಆ ಸಾಧ್ವಿಯ ಬಗ್ಗೆ ಮನಸ್ಸಿನಲ್ಲಿಯೇ ಗೌರವವನ್ನೂ ತಾಳಿದೆ. ಹಸ್ತಪ್ರತಿಯನ್ನು ತಿದ್ದಿದ ಹಿರಿಯರು ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಸತ್ತವರನ್ನು ಎಬ್ಬಿಸಬೇಡಿ’ ಎಂದು ಬರೆದು ಹಿಂದಿರುಗಿಸಿದರು. ಗಂಡ ತೀರಿಕೊಂಡ ಮೇಲೂ ಆಕೆ ಹನ್ನೊಂದು ವರ್ಷ ಇದ್ದಳು ಎಂಬುದಷ್ಟೇ ಆ ವಾಕ್ಯದ ಅರ್ಥ.

ತಪ್ಪು ನನ್ನದೇ, ಆದರೆ ಆ ಕ್ರಿಯಾಪದವೂ ಸಾಮಾನ್ಯದ್ದಲ್ಲ. ಲ್ಯಾಟಿನ್ನಿನಲ್ಲಿ ‘ಸೂಪರ್’ ಎಂದರೆ ಮೇಲೆ, ‘ವೀವೆರೆ’ ಎಂದರೆ ಬದುಕು. ಎರಡೂ ಸೇರಿ ಯಾವುದೋ ಒಂದನ್ನು ಮೀರಿ ಬದುಕುವುದು ಎಂದಾಯಿತು. ಮೀರಲು ಏನಾದರೂ ಬೇಕಲ್ಲ, ಹಾಗಾಗಿ ಆ ಪದ ಅಪಘಾತವನ್ನೋ ಯುದ್ಧವನ್ನೋ ಗಂಡನನ್ನೋ ನೇರವಾಗಿ ಕರ್ಮವಾಗಿ ಹಿಡಿದುಕೊಳ್ಳುತ್ತದೆ. ಅಪಘಾತದಿಂದ ಪಾರಾಗುವ ಅಭ್ಯಾಸವಿರುವ ನಾವು ಅದರ ಮುಂದೆ ‘ಫ್ರಮ್’ ಸೇರಿಸದೆ ಸುಮ್ಮನಿರಲಾರೆವು. ಇಂಗ್ಲಿಷಿಗೆ ಅದು ಬೇಡ. ನಿಧನವಾರ್ತೆಯಲ್ಲಂತೂ ಈ ಕ್ರಿಯಾಪದ ಇನ್ನಷ್ಟು ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ‘ಹೀ ಈಸ್ ಸರ್ವೈವ್ಡ್ ಬೈ ಹಿಸ್ ವೈಫ್’ ಎಂಬಲ್ಲಿ ವಾಕ್ಯದ ಕರ್ತೃಸ್ಥಾನದಲ್ಲಿ ಕುಳಿತವನು ಸತ್ತವನೇ. ಓಟದಲ್ಲಿ ಹೆಂಡತಿ ಅವನನ್ನು ಹಿಂದಿಕ್ಕಿ ಮುಂದೆ ಹೋದಳೋ ಎಂಬಂತಿದೆ. ಕನ್ನಡದ ವಾರ್ತೆಯಲ್ಲಿಯೂ ಕರ್ತೃ ಸತ್ತವನೇ, ಆದರೆ ಇಲ್ಲಿ ಅವನು ಪತ್ನಿಯನ್ನೂ ಮಕ್ಕಳನ್ನೂ ‘ಅಗಲಿದ್ದಾನೆ’. ಹೊರಟವನು ಅವನೇ, ಮನೆಯವರು ಇದ್ದಲ್ಲಿಯೇ ಇದ್ದಾರೆ. ನನಗೆ ಇದೇ ಹೆಚ್ಚು ಸಭ್ಯವಾಗಿ ಕಾಣುತ್ತದೆ.

ಸಹಿಸು ಎಂಬರ್ಥದ ಎಂಡ್ಯೂರ್‌ನ ಗುಣ ಬೇರೆ. ಅದರೊಳಗಿರುವ ‘ದೂರುಸ್’ ಎಂಬ ಲ್ಯಾಟಿನ್ ಪದಕ್ಕೆ ಗಟ್ಟಿ ಎಂದರ್ಥ. ಏಟು ತಿಂದು ತಿಂದು ಗಟ್ಟಿಯಾಗುವುದೇ ಎಂಡ್ಯೂರ್. ನಾವು ದಿನವೂ ಬಳಸುವ ‘ಡ್ಯೂರಿಂಗ್’ ಕೂಡ ಇದೇ ಮನೆತನದ್ದು, ಈಗ ಬಳಕೆಯಲ್ಲಿಲ್ಲದ ‘ಡ್ಯೂರ್’ ಎಂಬ ಕ್ರಿಯಾಪದದಿಂದ ಬಂದದ್ದು ಎಂದು ತಿಳಿದಾಗ ಸರ್ವೈವ್, ಎಂಡ್ಯೂರ್‌ಗಳ ನಡುವಿನ ಅಂತರ ನನಗೆ ಥಟ್ಟನೆ ಹೊಳೆಯಿತು. ಎಂಡ್ಯೂರ್ ಮಾಡುವುದು ಕಷ್ಟ ನಡೆಯುತ್ತಿರುವಾಗ. ಸರ್ವೈವ್ ಆದದ್ದು ತಿಳಿಯುವುದು ಕಷ್ಟ ಮುಗಿದ ಮೇಲೆ. ಹೇಗಿದ್ದೀರಿ ಎಂದರೆ ‘ಸರ್ವೈವಿಂಗ್’ ಎಂದು ಉತ್ತರಿಸುವವರ ತುಟಿಯಲ್ಲಿ ಒಂದು ಒಣನಗೆ ಇರುವುದು ಇದಕ್ಕೇ ಇರಬೇಕು: ಫಲಿತಾಂಶ ಬರುವ ಮುನ್ನವೇ ಪಾಸಾದೆ ಎಂದು ಹೇಳಿಕೊಂಡಂತೆ ಅದು.

‘ತಾಳಿದವನು ಬಾಳಿಯಾನು’ ಎಂಬ ನಮ್ಮ ಗಾದೆ ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿಬಿಡುತ್ತದೆ. ಆದರೆ ತಾಳಿಕೆಯನ್ನೇ ಹೆಸರಾಗಿ ಹೊತ್ತಿದ್ದ ಒಂದು ಹಡಗಿನ ಕಥೆಯೇ ಬೇರೆ. ಧ್ರುವಪ್ರದೇಶದ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ ತನ್ನ ಮನೆತನದ ಧ್ಯೇಯವಾಕ್ಯವನ್ನು ನೆನೆದು ಹಡಗಿನ ಹಳೆಯ ಹೆಸರನ್ನು ತೆಗೆದು ‘ಎಂಡ್ಯೂರೆನ್ಸ್’ ಎಂದು ಹೆಸರಿಟ್ಟು ಅಂಟಾರ್ಕ್ಟಿಕಾದತ್ತ ಹೊರಟ. 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಮಂಜುಗಡ್ಡೆ ಅದನ್ನು ಹಿಡಿದುಕೊಂಡಿತು, ತಿಂಗಳುಗಟ್ಟಲೆ ಅದುಮಿತು, ನವೆಂಬರ್ 21ರಂದು ಹಡಗು ಮುಳುಗಿತು. ಅದರಲ್ಲಿದ್ದ 28 ಜನ ಮಂಜಿನ ಮೇಲೆಯೂ, ಆನಂತರ ಪುಟ್ಟ ದೋಣಿಗಳಲ್ಲಿಯೂ, ಎಲಿಫೆಂಟ್ ದ್ವೀಪದಲ್ಲಿಯೂ ದಿನ ನೂಕಿದರು. 1916ರ ಆಗಸ್ಟ್ ಮುಗಿಯುವ ಹೊತ್ತಿಗೆ ದ್ವೀಪದಲ್ಲಿ ಉಳಿದಿದ್ದ ಕೊನೆಯವರನ್ನೂ ಕರೆತಂದಾಗ ಒಬ್ಬರೂ ಕಡಿಮೆಯಾಗಿರಲಿಲ್ಲ. ಜನ ಸರ್ವೈವ್ ಆದರು, ಎಂಡ್ಯೂರೆನ್ಸ್ ಆಗಲಿಲ್ಲ. ಹೀಗೆಂದು ಲೆಕ್ಕ ಮುಗಿಸುವಂತೆಯೂ ಇಲ್ಲ. 2022ರ ಮಾರ್ಚ್‌ನಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಆ ಹಡಗು ಸಿಕ್ಕಿತು. ಮರ ಕೊರೆಯುವ ಹುಳುಗಳು ಆ ನೀರಿನಲ್ಲಿ ಇಲ್ಲದ್ದರಿಂದ ಹಲಗೆಗಳು ಹಾಗೆಯೇ ಇದ್ದವು, ಹಿಂಭಾಗದಲ್ಲಿ ಹೆಸರಿನ ಅಕ್ಷರಗಳನ್ನು ಓದಬಹುದಾಗಿತ್ತು. ಎಂಡ್ಯೂರ್ ಎಂಬುದಕ್ಕೆ ಸಹಿಸುವುದಲ್ಲದೆ ಬಹುಕಾಲ ಉಳಿಯುವುದು ಎಂಬ ಅರ್ಥವೂ ಇದೆ. ಅಂದಿನ 28 ಜನರಲ್ಲಿ ಈಗ ಯಾರೂ ಇಲ್ಲ; ಹಡಗು ಇದೆ.

ಸಹಿಸುವುದನ್ನು ಹೇಳುವ ಉಳಿದ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಹಲವು ಹಮಾಲಿ ಮಾಡುವಂಥವು. ಬೇರ್ ಎಂದರೆ ಹೊರುವುದು. ನಮ್ಮ ‘ಭಾರ’, ‘ಭರಿಸು’ಗಳಿಗೆ ಮೂಲವಾದ ಸಂಸ್ಕೃತ ಧಾತುವಿನ ದೂರದ ನೆಂಟ ಅದು. ಸಫರ್‌ನ ಬಾಲದಲ್ಲಿಯೂ ಅದೇ ಧಾತುವಿನ ಲ್ಯಾಟಿನ್ ರೂಪ ಅಡಗಿದೆ. ಆದರೆ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಮಕ್ಕಳನ್ನು ನನ್ನ ಬಳಿಗೆ ಬರಲು ‘ಸಫರ್’ ಮಾಡಿರಿ ಎಂದು ಯೇಸು ಹೇಳುವಾಗ ನರಳುವ ಮಾತೇ ಅಲ್ಲ, ಬಿಡಿರಿ ಎಂದಷ್ಟೇ. ಸ್ಟ್ಯಾಂಡ್ ಎಂಬುದಕ್ಕೆ ಸಹಿಸುವ ಅರ್ಥ ಬರಬೇಕಾದರೆ ಸಾಮಾನ್ಯವಾಗಿ ನಿಷೇಧ ಬೇಕು: ಅವನನ್ನು ‘ಕಾಂಟ್ ಸ್ಟ್ಯಾಂಡ್’ ಎನ್ನುವವರು ಬೇಕಾದಷ್ಟು ಜನ, ‘ಕ್ಯಾನ್ ಸ್ಟ್ಯಾಂಡ್’ ಎಂದು ತಾವಾಗಿ ಹೇಳುವವರು ಅಪರೂಪ. ನಮ್ಮಲ್ಲಿಯೂ ಅವನನ್ನು ಕಂಡರೆ ಆಗದು. ಕಂಡರೆ ಆಗುತ್ತದೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬ್ರೂಕ್ ಎಂಬ ಗಂಭೀರ ಪದ ಹಳೆಯ ಇಂಗ್ಲಿಷಿನಲ್ಲಿ ಬಳಸುವುದು, ಅನುಭವಿಸುವುದು ಎಂಬ ಸುಖದ ಅರ್ಥದಲ್ಲಿ ಇತ್ತು. ಆಮೇಲೆ ತಿಂದದ್ದನ್ನು ಅರಗಿಸಿಕೊಳ್ಳುವುದಾಯಿತು. ಕೊನೆಗೆ ಸಹಿಸುವುದಾಗಿ, ಈಗ ಹೆಚ್ಚಾಗಿ ‘ನೋ’ ಜೊತೆಗೇ ಓಡಾಡುತ್ತದೆ. ಅವಮಾನವನ್ನು ಅರಗಿಸಿಕೊಳ್ಳಲಾಗದವರಿಗೆ ಈ ದಾರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲವುಗಳಲ್ಲಿ ನನಗೆ ಹೆಚ್ಚು ಒಗ್ಗಿದ್ದು ‘ಬೇರ್ ವಿತ್ ಮಿ’. ಭಾರ ಹೊರಿಸದೆ, ಗಟ್ಟಿಯಾಗು ಎನ್ನದೆ, ನಮ್ಮ ‘ಸ್ವಲ್ಪ ತಾಳಿ’ ಎಂಬಷ್ಟನ್ನೇ ಅದು ಕೇಳಿಕೊಳ್ಳುತ್ತದೆ. ತಾಳುವುದು ಎಂದರೆ ಸಹಿಸುವುದೂ ಹೌದು, ಕಾಯುವುದೂ ಹೌದು. ಇಂಗ್ಲಿಷರು ಮಾತ್ರ ಇದನ್ನು ಬರೆಯುವಾಗ ಆಗಾಗ ಎಡವುತ್ತಾರೆ: ಹೊರುವ ಬೇರ್ ಬದಲು ಬಟ್ಟೆ ಕಳಚುವ ಬೇರ್ ಅನ್ನು ಬರೆದು, ತಾಳಿ ಎನ್ನುವ ಬದಲು ನನ್ನೊಡನೆ ಬೆತ್ತಲಾಗಿ ಎಂದು ಮರ್ಯಾದಸ್ಥರಿಗೆ ಪತ್ರ ಕಳಿಸಿಬಿಡುತ್ತಾರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಬೇರ್ ಆದ್ದರಿಂದ, ಆ ತಪ್ಪನ್ನು ನಾನು ಇಲ್ಲಿ ಮಾಡಲೂ ಆಗದು, ಮಾಡಿ ತೋರಿಸಲೂ ಆಗದು.