ಕಾರು ಹೊತ್ತ ಟ್ರೇಲರಿಗೆ ಕಮಾನ್ ಯಾಕೆ?

"ಕಾರಿಗೇ ಸ್ಪ್ರಿಂಗ್ ಐತೆ ಕಣ್ಲಾ ಅಳಿಯ. ಅದನ್ನ ಹೊರೋ ಟ್ರೇಲರಿಗೂ ಸ್ಪ್ರಿಂಗ್ ಬೇಕು ಅನ್ನೋದು, ಚಪ್ಪಲಿ ಹಾಕ್ಕೊಂಡೋನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗೋನೂ ಚಪ್ಪಲಿ ಹಾಕ್ಕೋಬೇಕು ಅಂದಂಗಾಯ್ತು."

ಇದು ನನ್ನ ಸೋದರಮಾವನ ವಾದ. ಮುಳ್ಳು ಚುಚ್ಚುವುದು ಹೊತ್ತವನ ಕಾಲಿಗೇ ಅಲ್ವಾ ಮಾವ ಅಂತ ಕೇಳಬಹುದಿತ್ತು. ಆದರೆ ಮಾವನ ಮಾತಿಗೆ ಎದುರಾಡಿದರೆ ಅತ್ತೆಗೆ ಬೇಜಾರಾಗುತ್ತದೆ, ಅತ್ತೆಗೆ ಬೇಜಾರಾದರೆ ಮಧ್ಯಾಹ್ನದ ಮುದ್ದೆ ಬಸ್ಸಾರಿಗೆ ಕುತ್ತು. ಸುಮ್ನಿದ್ದೆ.

ಹೊರಬೇಕಾಗಿದ್ದು ಮಾವನ ಪ್ರೀಮಿಯರ್ ಪದ್ಮಿನಿಯನ್ನು. ಬಾಂಬೆಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100 ಕಾರಿಗೆ ಎಪ್ಪತ್ತರ ದಶಕದಲ್ಲಿ ಇಟ್ಟ ಹೆಸರು ಅದು. ಚಿತ್ತೋರಿನ ರಾಣಿಯ ಹೆಸರು. ನಮ್ಮ ರಾಣಿಯ ವಾಸ ಮಾತ್ರ ಬಹಳ ವರ್ಷಗಳಿಂದ ಮಳವಳ್ಳಿ ಹತ್ತಿರದ ಊರಿನ ಕೊಟ್ಟಿಗೆಯಲ್ಲಿ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಮೈಸೂರಿನ ಒಬ್ಬ ಹಳೇ ಮೆಕ್ಯಾನಿಕ್ "ತಂದ್ಬಿಡಿ, ಮಾಡ್ಕೊಡ್ತೀನಿ" ಅಂದಿದ್ದೇ ತಡ, ಮಾವ ಕೋಳಿಯನ್ನು ಓಡಿಸಿದರು. ಫ್ಲಾಟ್‌ಬೆಡ್ ಗಾಡಿಯವನು ಹೇಳಿದ ಬಾಡಿಗೆ ಕೇಳಿ "ಆ ದುಡ್ಡಿಗೆ ಒಂದು ಕರ ಬತ್ತದೆ" ಅಂದರು. ಹಾಗಾಗಿ ಟ್ರ್ಯಾಕ್ಟರ್.

ಊರಲ್ಲಿ ಎರಡು ಟ್ರೇಲರ್ ಸಿಗುತ್ತಿದ್ದವು. ಮಾವನದು ಎರಡು ಚಕ್ರದ್ದು, ಕಮಾನ್, ಅಂದರೆ ಪಟ್ಟಿ ಸ್ಪ್ರಿಂಗ್, ಇಲ್ಲ. ಆಕ್ಸಲ್ಲನ್ನು ನೇರ ಚಾಸಿಗೇ ಕೂರಿಸಿದ್ದಾರೆ. ಇನ್ನೊಂದು ಡ್ರೈವರ್ ಹುಡುಗನದು. ಅದೂ ಎರಡು ಚಕ್ರದ್ದೇ, ಆದರೆ ಕೆಳಗೆ ಕೈಯಗಲದ ಕಮಾನ್ ಪಟ್ಟಿಗಳು ಒಂದರ ಮೇಲೊಂದು. ಕಬ್ಬು ತುಂಬಿಕೊಂಡು ಕಾರ್ಖಾನೆ ಮುಂದೆ ಸಾಲು ನಿಲ್ಲುವ ಟ್ರೇಲರ್. ಅದೇ ಇರಲಿ ಅಂತ ನಾನು ಹಠ ಮಾಡಿದೆ. ಮಾವ ಒಪ್ಪಿದರು. ಕಮಾನಿನ ಮೇಲೆ ನಂಬಿಕೆ ಬಂತು ಅಂತಲ್ಲ, ಅವರ ಟ್ರೇಲರಿನ ಒಂದು ಟೈರಿನಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ.

ಕಾರು ಹತ್ತಿಸುವುದೇನೂ ದೊಡ್ಡ ವಿಷಯವಲ್ಲ. ಟ್ರೇಲರನ್ನು ನಾಲೆ ಏರಿಯ ಪಕ್ಕದ ತಗ್ಗಿಗೆ ರಿವರ್ಸ್ ಇಳಿಸಿದರೆ ಏರಿಗೂ ಟ್ರೇಲರಿನ ತಳಕ್ಕೂ ಒಂದೇ ಮಟ್ಟ. ನಡುವೆ ಎರಡು ಹಲಗೆ. ಊರಿನ ಹುಡುಗರೆಲ್ಲ ಸೇರಿ "ಹೈಸಾ" ಅಂದರು, ಪದ್ಮಿನಿ ಹೋಗಿ ಕೂತಿತು. ಕಾರು ಸುಮಾರು 13 ಅಡಿ, ಟ್ರೇಲರ್ 11. ಡಿಕ್ಕಿ ಹೊರಗೆ ಚಾಚಿಕೊಂಡಿತು. ಅತ್ತೆಯ ಹಳೇ ಕೆಂಪು ರವಿಕೆಯನ್ನು ಅದಕ್ಕೆ ಕಟ್ಟಿದೆವು. ಬಂಪರಿನಿಂದ ಟ್ರೇಲರಿನ ಕೊಂಡಿಗೆ ನೈಲಾನ್ ಹಗ್ಗ ಬಿಗಿದಾಯಿತು. ಎರಡೂ ಪಕ್ಕದ ಹಲಗೆ ಎಷ್ಟು ಹತ್ತಿರ ಇದ್ದವೆಂದರೆ ಬಾಗಿಲು ತೆಗೆಯಲು ಆಗುತ್ತಿರಲಿಲ್ಲ. ಇದು ಗೊತ್ತಾಗಿದ್ದು ಮಾವ ಒಳಗಿನಿಂದ ಹೇಳಿದಾಗ. ಅವರು ಮೊದಲೇ ಸ್ಟಿಯರಿಂಗ್ ಹಿಡಿದು ಕೂತುಬಿಟ್ಟಿದ್ದರು.

"ಬ್ರೇಕ್ ತುಳಿಯೋಕೆ ಒಬ್ರು ಬೇಕಲ್ಲ" ಅಂದರು. ಆ ಕಾರಿಗೆ ಬ್ರೇಕ್ ಇರಲಿಲ್ಲ.

ಹೀಗೆ ಹೊರಟೆವು. ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್ಲಿಗೂ ಸ್ಪ್ರಿಂಗ್ ಇರುವುದಿಲ್ಲ. ಇರುವುದು ಡ್ರೈವರ್ ಸೀಟಿನ ಕೆಳಗೆ ಮಾತ್ರ. ಅಂದರೆ ಡ್ರೈವರಿಗೆ ಸೀಟಿನ ಸ್ಪ್ರಿಂಗ್, ಮಾವನಿಗೆ ಕಾರಿನ ಸ್ಪ್ರಿಂಗ್. ನಾನು ಕೂತಿದ್ದು ಮಡ್ಗಾರ್ಡ್ ಮೇಲೆ. ಇಲ್ಲಿ ಕೂರಬಾರದು ಅಂತ ಅದರ ಮೇಲೆ ಬರೆದಿತ್ತು. ಬೇರೆ ಜಾಗ ಇಲ್ಲದ್ದರಿಂದ ಆ ಬರಹದ ಮೇಲೇ ಕೂತೆ. ಸಸ್ಪೆನ್ಷನ್ ಬೇಕೋ ಬೇಡವೋ ಅಂತ ಆ ಹೊತ್ತಿನಲ್ಲಿ ವೋಟಿಗೆ ಹಾಕಿದ್ದರೆ ಎರಡಕ್ಕೆ ಒಂದು ಬಹುಮತದಿಂದ ಬೇಡ ಅಂತಲೇ ಆಗುತ್ತಿತ್ತು.

ರೋಡ್ ಹಂಪ್ ಹೇಗಿರಬೇಕು ಅಂತ ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತೆ. ನಮ್ಮ ಕಡೆ ಎತ್ತರ ತೀರ್ಮಾನವಾಗುವುದು ಊರಿನವರ ಸಿಟ್ಟಿನ ಮೇಲೆ. ಯಾರಿಗೋ ಬೈಕ್ ತಾಗಿದ ಮಾರನೇ ದಿನ, ಯಾರದೋ ಮನೆ ಕಟ್ಟಿ ಉಳಿದ ಜಲ್ಲಿಯಲ್ಲಿ ಎದ್ದ ಹಂಪ್‌ಗಳು. ಮೊದಲನೆಯದರ ಮೇಲೆ ಟ್ರೇಲರ್ ಹತ್ತಿ ಇಳಿಯಿತು ನೋಡಿ, ಕಬ್ಬಿಣದ ಬೀರುವನ್ನು ಅಟ್ಟದಿಂದ ಎತ್ತಿ ಹಾಕಿದ ಸದ್ದು. ಕಮಾನ್ ಇದ್ದ ಗುರುತೇ ಇಲ್ಲ. ಹಿಂದಿನಿಂದ ಮಾವ ಕಿಟಕಿಗೆ ತಲೆ ಹಾಕಿ ಕೂಗಿದರು, "ನಾ ಏನಂದೆ?"

ಅವರ ಕಥೆ ಬೇರೆ ನಡೆದಿತ್ತು. ಪದ್ಮಿನಿಗೆ ಹಿಂದೆ ಕಮಾನ್ ಪಟ್ಟಿ, ಮುಂದೆ ಸುರುಳಿ ಸ್ಪ್ರಿಂಗ್. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಣಿತ ಬೇಗ ನಿಲ್ಲುತ್ತದೆ. ಸುರುಳಿಗೆ ಆ ಗುಣವಿಲ್ಲ, ಅದನ್ನು ಹಿಡಿದು ನಿಲ್ಲಿಸಲು ಶಾಕ್ ಅಬ್ಸಾರ್ಬರ್ ಬೇಕು. ಮಾವನ ಕಾರಿನ ಶಾಕ್ ಅಬ್ಸಾರ್ಬರುಗಳು ಕೊಟ್ಟಿಗೆಯಲ್ಲೇ ಎಣ್ಣೆ ಕಾರಿ ತೀರಿಕೊಂಡಿದ್ದವು. ಹಾಗಾಗಿ ಪ್ರತಿ ಹಂಪ್ ಆದಮೇಲೂ ಕಾರಿನ ಮೂತಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇತ್ತು. ನಾವು ಮುಂದಿನ ಊರು ತಲುಪಿದ್ದರೂ ಮಾವ ಇನ್ನೂ ಹಿಂದಿನ ಊರಿನ ಹಂಪ್ ಮೇಲೇ ಇರುತ್ತಿದ್ದರು.

ಇದರಿಂದ ಒಂದು ಫಜೀತಿ ಆಯಿತು. ಕಿರುಗಾವಲಿನಲ್ಲಿ ಟೀ ಅಂಗಡಿ ಮುಂದೆ ಕೂತವರು ನೋಡುತ್ತಾರೆ: ಬಿಳಿ ಪಂಚೆಯ ಹಿರಿಯರೊಬ್ಬರು, ಎತ್ತರದಲ್ಲಿ ಕಾರಿನೊಳಗೆ ಕೂತು, ಎಲ್ಲರಿಗೂ ತಲೆ ಬಾಗಿಸುತ್ತಾ ಬರುತ್ತಿದ್ದಾರೆ. ಒಬ್ಬರು ಎದ್ದು ಕೈಮುಗಿದರು. ಅವರನ್ನು ನೋಡಿ ಇನ್ನೊಬ್ಬರು. ಮಾವ ಬೇಡ ಅಂದರೂ ಕಾರು ಕೇಳಬೇಕಲ್ಲ, ಮತ್ತೆ ಮತ್ತೆ ಬಾಗಿಸಿತು. "ಯಾವ ಪಾರ್ಟಿ?" ಅಂತ ಒಬ್ಬ ನನ್ನನ್ನೇ ಕೇಳಿದ. ಸ್ವತಂತ್ರ ಅಭ್ಯರ್ಥಿ ಅಂದೆ.

ಅಷ್ಟರಲ್ಲಿ ಹಗ್ಗದ ಸಮಸ್ಯೆ. ಹಗ್ಗ ಕಟ್ಟಿದ್ದು ಬಂಪರಿಗೆ. ಕಾರು ತನ್ನ ಸ್ಪ್ರಿಂಗ್ ಮೇಲೆ ಕುಸಿದಾಗ ಹಗ್ಗ ಸಡಿಲ, ಎದ್ದಾಗ ಫಟ್ ಅಂತ ಎಳೆತ. ಹಾಗೆ ಎಳೆದೂ ಎಳೆದೂ ಒಂದು ಕಡೆ ಬಂಪರ್ ಕೈಗೇ ಬಂತು. ಬನ್ನೂರಿನ ಕಡೆ ರಸ್ತೆ ಬದಿಯಲ್ಲಿ ಒಂದು ಕಮಾನ್ ವರ್ಕ್ಸ್ ಕಂಡಿತು. ನಿಲ್ಲಿಸಿದೆವು.

ಮೇಸ್ತ್ರಿ ಏನೂ ಕೇಳಲಿಲ್ಲ. ಟ್ರೇಲರ್ ಕೆಳಗೆ ಅಂಗಾತ ಜಾರಿ ಹೋದ. ಸ್ವಲ್ಪ ಹೊತ್ತಾದ ಮೇಲೆ "ಬಗ್ಗಿ ನೋಡಿ ಅಣ್ಣ" ಅಂದ. ಬಗ್ಗಿದೆ. ಕಮಾನಿನ ಮೇಲಿನ ಪಟ್ಟಿಗೂ ಚಾಸಿಗೂ ನಡುವೆ ಜೇಡರ ಬಲೆ. ಒಂದು ಎಳೆಯೂ ಹರಿದಿಲ್ಲ. ನಡುವೆ ಜೇಡ, ಪಕ್ಕದಲ್ಲಿ ಅದರ ಬೆಳಗಿನ ತಿಂಡಿ, ಒಂದು ನೊಣ. ಅಷ್ಟು ಹಂಪ್ ದಾಟಿ ಬಂದಿದ್ದರೂ ಕಮಾನ್ ಬಲೆ ಹರಿಯುವಷ್ಟೂ ಅಲ್ಲಾಡಿರಲಿಲ್ಲ. ಪಟ್ಟಿಗಳ ನಡುವೆ ತುಕ್ಕು ಹಾಗೇ ಕೂತಿತ್ತು. ಆಡುವ ಕಮಾನ್ ಆದರೆ ಉಜ್ಜಿದ ಕಡೆ ಬೆಳ್ಳಗೆ ಗೆರೆ ಬೀಳುತ್ತದಂತೆ.

"ಕಾರು ಎಷ್ಟು ತೂಕ?" ಅಂದ. ಒಂಬತ್ತು ಕ್ವಿಂಟಾಲ್ ಹತ್ತಿರ ಅಂದೆ. ಮೇಸ್ತ್ರಿ ನಕ್ಕ. "ಇದು ಟನ್ನುಗಟ್ಟಲೆ ಕಬ್ಬಿಗೆ ಮಾಡಿದ ಕಮಾನ್. ಒಂಬತ್ತು ಕ್ವಿಂಟಾಲ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಖಾಲಿ ಲಾರಿ ಕುಣಿಯೋದು ನೋಡಿಲ್ವಾ?"

ಕಮಾನೇ ಬೇಡ ಅಂದಂಗಾಯ್ತಲ್ಲ ಅಂತ ಮಾವ ಕಿಟಕಿಯಿಂದ ಖುಷಿಪಟ್ಟರು. ಮೇಸ್ತ್ರಿ ಒಪ್ಪಲಿಲ್ಲ. ಹಂಪ್ ಕೊಟ್ಟ ಏಟು ಎಲ್ಲಿಗಾದರೂ ಹೋಗಲೇಬೇಕು ಅಂದ. ಕಾರಿನ ಸ್ಪ್ರಿಂಗ್ ಕಾಪಾಡುವುದು ತನ್ನ ಮೇಲಿರುವುದನ್ನು ಮಾತ್ರ, ಅಂದರೆ ಕಾರಿನ ಬಾಡಿ ಮತ್ತು ಗೌಡರನ್ನು. ಕೆಳಗಿರುವ ಟ್ರೇಲರಿನ ಕಬ್ಬಿಣಕ್ಕೆ ಟೈರೊಂದೇ ಗತಿ. ಟೈರು ಚೆಂಡಿನ ಹಾಗೆ ಪುಟಿಸುತ್ತದೆಯೇ ಹೊರತು ಏಟು ನುಂಗುವುದು ಕಡಿಮೆ. ಉಳಿದದ್ದೆಲ್ಲ ಆಕ್ಸಲ್ಲಿಗೆ, ವೆಲ್ಡಿಂಗಿಗೆ, ಟ್ರ್ಯಾಕ್ಟರಿನ ಪಿನ್ನಿಗೆ. ನಿಧಾನಕ್ಕೆ ಗದ್ದೆಗೆ ಗೊಬ್ಬರ ಹೊಡೆಯಲು ಕಮಾನ್ ಇಲ್ಲದೆಯೂ ನಡೆಯುತ್ತದೆ. ಡಾಂಬರು ರಸ್ತೆಯಲ್ಲಿ ಸ್ಪೀಡಾಗಿ ಹೋದರೆ ಚಾಸಿ ಬಿರುಕು ಬಿಡುತ್ತದೆ. ಹತ್ತಿರ ಹತ್ತಿರ ಎರಡು ಆಕ್ಸಲ್ ಇರುವ ಗಾಡಿಯಾದರೆ ಇನ್ನೂ ಕಷ್ಟವಂತೆ. ಕಮಾನ್ ಇಲ್ಲದಿದ್ದರೆ ಮುಂದಿನ ಚಕ್ರ ಹಂಪ್ ಹತ್ತಿದಾಗ ಹಿಂದಿನದು ಗಾಳಿಯಲ್ಲಿ, ಇಡೀ ಭಾರ ಒಂದೇ ಆಕ್ಸಲ್ಲಿಗೆ.

ಮೈಸೂರಿನ ಟಾಂಗಾ ಕೆಳಗೆ ಬಗ್ಗಿ ನೋಡಿದರೂ ಕಮಾನ್ ಇರುತ್ತದೆ. ಒಂದು ಕುದುರೆ ಎಳೆಯುವ ಭಾರಕ್ಕೆ ತಕ್ಕಷ್ಟು ತೆಳ್ಳನೆಯ ಪಟ್ಟಿ. ನಮ್ಮ ಕಬ್ಬಿನ ಟ್ರೇಲರಿಗೆ ಬೇಕಾಗಿದ್ದೂ ಅದೇ ಲೆಕ್ಕ. "ಎರಡು ಮೂರು ಪಟ್ಟಿ ಬಿಚ್ಚಲಾ?" ಅಂದ ಮೇಸ್ತ್ರಿ. ಡ್ರೈವರ್ ಹುಡುಗ ಹೌಹಾರಿದ. "ಇನ್ನೇನು ಕಬ್ಬು ಕಡಿಯೋಕೆ ಶುರುವಾಯ್ತದೆ, ಒಂದು ಪಟ್ಟಿನೂ ಮುಟ್ಬೇಡ!"

"ಹಾಗಾದ್ರೆ ಭಾರ ಹಾಕಿ" ಅಂದ ಮೇಸ್ತ್ರಿ. "ಹಗ್ಗನ ಚಕ್ರಕ್ಕೆ ಕಟ್ಟಿ, ಬಂಪರಿಗಲ್ಲ. ಕಾರು ಬೇಕಾದಂಗೆ ಕುಣಿಲಿ, ಹಗ್ಗಕ್ಕೆ ಏನೂ ಆಗಲ್ಲ."

ಭಾರ ಎಲ್ಲಿಂದ ತರೋದು? ಡ್ರೈವರ್ ಹುಡುಗ ಚುರುಕು. ಎರಡು ಫೋನ್ ಮಾಡಿದ. ಮೈಸೂರಿನ ಹೊರಗೆ ಮನೆ ಕಟ್ಟಿಸುತ್ತಿದ್ದ ಒಬ್ಬರಿಗೆ ಇಟ್ಟಿಗೆ ಬೇಕಿತ್ತು, ಹತ್ತಿರದಲ್ಲೇ ಇಟ್ಟಿಗೆ ಗೂಡು ಇತ್ತು. ಕಾರಿಗೂ ಪಕ್ಕದ ಹಲಗೆಗೂ ನಡುವಿನ ಸಂದು ಇಟ್ಟಿಗೆಗೆ ಅಂತಲೇ ಬಿಟ್ಟ ಹಾಗಿತ್ತು. 500 ಇಟ್ಟಿಗೆ, ಒಂದೊಂದು ಮೂರು ಕೆ.ಜಿ. ಹಿಡಿದರೂ 15 ಕ್ವಿಂಟಾಲ್. ಬಾಗಿಲಿಗೆ ಗೀರು ಬೀಳದಿರಲಿ ಅಂತ ಮಾವ ಒಳಗಿನಿಂದಲೇ ಜಮಖಾನ ತೂರಿದರು. ಅವರನ್ನು ಮೊದಲು ಹೊರಗೆ ತೆಗೆಯಬೇಕಿತ್ತು ಅನ್ನುವುದು ಇಟ್ಟಿಗೆ ಕಿಟಕಿಯ ಮಟ್ಟ ಮುಟ್ಟಿದಾಗ ಎಲ್ಲರಿಗೂ ಹೊಳೆಯಿತು. "ಇರ್ಲಿ ಬುಡ್ಲಾ, ಇಲ್ಲೇ ಚೆನ್ನಾಗೈತೆ" ಅಂದರು. ಎಲೆ ಅಡಿಕೆ ಹಾಕಿಕೊಂಡರು.

ಆಮೇಲಿನ ದಾರಿ ಬೇರೆಯೇ. ಹಂಪ್ ಬಂದರೆ ಟ್ರೇಲರ್ ಎದ್ದು, ತೂಗಿ, ಮೆಲ್ಲಗೆ ಇಳಿಯುತ್ತಿತ್ತು. ಬೀರು ಬೀಳುವ ಸದ್ದು ನಿಂತಿತು. ಜೇಡ ಮನೆ ಖಾಲಿ ಮಾಡಿರಬೇಕು. ಮಾವ ನಿದ್ದೆ ಹೋದರು. ನನ್ನ ಮಡ್ಗಾರ್ಡಿಗೆ ಮಾತ್ರ ಯಾವ ಸುಧಾರಣೆಯೂ ಆಗಲಿಲ್ಲ.

ಇಟ್ಟಿಗೆ ಇಳಿಸುವಾಗ ಲೆಕ್ಕ ಶುರುವಾಯಿತು. ಒಂದಿಷ್ಟು ಇಟ್ಟಿಗೆ ಮುರಿದಿವೆ, ಕಾರು ಗುದ್ದಿದ್ದರಿಂದಲೇ ಮುರಿದದ್ದು, ಕಾರಿನವರು ದುಡ್ಡು ಕೊಡಲಿ ಅಂದರು ಮನೆ ಕಟ್ಟಿಸುವವರು. ಜಮಖಾನ ಹರಿದಿದೆ, ಬಾಗಿಲಿಗೆ ಗೀರು ಬಿದ್ದಿದೆ, ಇಟ್ಟಿಗೆಯವರು ಕೊಡಲಿ ಅಂದರು ಮಾವ, ಕಿಟಕಿಯಿಂದ ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿದ್ದ ಸ್ಥಿತಿಯಲ್ಲೇ. ಇಬ್ಬರೂ ಪೂರ್ತಿ ಬಾಡಿಗೆ ಕೊಡಬೇಕು ಅಂದ ಡ್ರೈವರ್. ಮಾವನಿಗೆ ಕೋಪ ಬಂತು. "ನಿನ್ನ ಕಮಾನ್ ಕೆಲಸ ಮಾಡಿದ್ರೆ ತಾನೇ ಬಾಡಿಗೆ? ಕೆಲಸ ಮಾಡಿದ್ದು ಇಟ್ಟಿಗೆ!"

ಇದನ್ನು ಕೇಳಿದ್ದೇ ತಡ, ಮನೆ ಕಟ್ಟಿಸುವವರು "ಹಂಗಾದ್ರೆ ನನ್ನ ಇಟ್ಟಿಗೆಗೆ ಬಾಡಿಗೆ ನೀವೇ ಕೊಡಬೇಕು ಗೌಡ್ರೇ" ಅಂತ ಕೈ ಚಾಚಿದರು.