ಮೊದಲ ಮೂರು ದಿನದ ಮಾತನ್ನೂ ಹೇಳಿ

ಮುಖಕ್ಕೆ ಲಕ್ವಾ ಹೊಡೆದವರು ತಮ್ಮ ವಿಡಿಯೊ, ಫೋಟೊ ಹಾಕಿ ಅನುಭವ ಹಂಚಿಕೊಳ್ಳುವ ಬಗ್ಗೆ ಬರೆದಿದ್ದೀರಿ. ಓದಿ ಸಮಾಧಾನವಾಯಿತು. ಜಮಖಂಡಿಯಲ್ಲಿರುವ ನಮ್ಮ ಅಕ್ಕನಿಗೆ ಬೆಲ್ಸ್ ಪಾಲ್ಸಿ (ಮುಖದ ನರ ಸೋತು ಒಂದು ಬದಿಗೆ ಹೊಡೆಯುವ ಲಕ್ವಾ) ಆದಾಗ ಮದುವೆ, ಜಾತ್ರೆ ಎಲ್ಲ ಬಿಟ್ಟಿದ್ದಳು. ಮನೆಯವರ ಮುಂದೆಯೂ ಸೆರಗು ಬಾಯಿಗೆ ಹಿಡಿದೇ ಮಾತಾಡುತ್ತಿದ್ದಳು. ಗಾಯಕ ಜಸ್ಟಿನ್ ಬೀಬರ್ 2022ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಂಗೆ ಹಾಕಿದ್ದ ವಿಡಿಯೊವನ್ನು ಅವಳ ಮಗಳು ತೋರಿಸಿದಳು. ಅವರಿಗೆ ಆಗಿದ್ದು ರಾಮ್ಸೆ ಹಂಟ್, ಸರ್ಪಸುತ್ತಿನ ವೈರಸ್‌ನಿಂದ ಬರುವ ಬೇರೆ ಕಾಯಿಲೆ. ಆದರೆ ಮುಚ್ಚದ ಕಣ್ಣು, ನಗದ ಅರ್ಧ ಮುಖ ಥೇಟ್ ಹಾಗೇ. ಅಕ್ಕ ಅದನ್ನು ಮತ್ತೆ ಮತ್ತೆ ನೋಡಿದಳು.

ವಿಡಿಯೊ ಮಾಡುವವರಲ್ಲಿ ಒಂದು ವಿನಂತಿ. ನಮ್ಮ ಬಾಗಲಕೋಟೆ ಕಡೆ ಬಾಯಿ ಸೊಟ್ಟಾದರೆ ಗಾಳಿ ಬಡಿದಿದೆ ಅಂತ ಎಷ್ಟೋ ಜನ ಮೊದಲು ನಾಟಿ ಔಷಧಿಗೇ ಓಡುತ್ತಾರೆ. ಬೆಲ್ಸ್ ಪಾಲ್ಸಿಗೆ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಅದನ್ನು ಹೇಳಿ. ಕಣ್ಣು ಒಣಗಿ ಹುಣ್ಣಾಗದಂತೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಬೇಕು, ಅದನ್ನೂ ಹೇಳಿ. ಜೊತೆಗೆ ಕೈ ಸೋತರೆ, ಮಾತು ತೊದಲಿದರೆ ಸ್ಟ್ರೋಕ್ ಇರಬಹುದು, ತಡ ಮಾಡಲೇಬಾರದು.

ಇನ್ನೊಂದು. ಜಾಸ್ತಿ ಜನಕ್ಕೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ, ಎಲ್ಲರಿಗೂ ಅಲ್ಲ. ಪೂರ್ತಿ ಗುಣವಾಗದವರೂ ದಯವಿಟ್ಟು ಬರೆಯಿರಿ. ಅಕ್ಕ ಹುಡುಕುತ್ತಿರುವುದು ನಿಮ್ಮನ್ನೇ.