ರಿಟರ್ನ್ ಎಷ್ಟು ಬಂತು?

ನಮ್ಮ ಪೇಪರಿನ ಕೊನೇ ಪುಟದ ತಳದಲ್ಲಿ ಒಂದು ಸಾಲು ಇರುತ್ತಿತ್ತು. ಆರು ಪಾಯಿಂಟ್ ಅಕ್ಷರ. ಇರುವೆ ಸಾಲು ಹೋದ ಹಾಗೆ. ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಯಾವ ಪ್ರೆಸ್‌ನಲ್ಲಿ ಅಚ್ಚಾಯಿತು ಅಂತ. ಪ್ರಿಂಟ್‌ಲೈನ್ ಅಂತಿದ್ವಿ. ಕಾನೂನಿಗೆ ಬೇಕು ಅಂತ ಹಾಕುವುದು, ಓದುವವರು ಯಾರೂ ಇಲ್ಲ. ನಾನು ಒಂಬತ್ತು ವರ್ಷ ಆ ಪುಟ ಕಟ್ಟಿದೆ. ಆ ಸಾಲನ್ನು ಮುಟ್ಟಿದ್ದು ಒಂದೇ ಸಲ. 2007ರಲ್ಲಿ, ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಹಾಕೋಕೆ.

ಬೆಳಗಾವಿಯ ಒಂದು ಸಂಜೆ ಪತ್ರಿಕೆ ಅದು. ಹೆಸರು ಬೇಡ, ಈಗ ಇಲ್ಲ. ನಾಲ್ಕು ಪುಟ, ಟ್ಯಾಬ್ಲಾಯ್ಡ್ ಸೈಜು (ದೊಡ್ಡ ಪೇಪರಿನ ಅರ್ಧ), ಒಂದು ರೂಪಾಯಿ. ನಾನು ಅಲ್ಲಿ ಡಿಟಿಪಿ ಆಪರೇಟರ್, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವನು. ಪೇಜ್‌ಮೇಕರ್, ಶ್ರೀಲಿಪಿ ಅನ್ನೋ ಸಾಫ್ಟ್‌ವೇರ್, ಆಗಾಗ ಕೈಕೊಡುವ ಒಂದು ಯುಪಿಎಸ್. ಮಧ್ಯಾಹ್ನ ಎರಡಕ್ಕೆ ಪುಟವನ್ನು ಟ್ರೇಸಿಂಗ್ ಪೇಪರ್ ಮೇಲೆ ತೆಗೆದು ಅಚ್ಚಿನ ಪ್ಲೇಟ್‌ಗೆ ಕೊಡಬೇಕು. ನಾಲ್ಕಕ್ಕೆ ಬಂಡಲ್ ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಖಾನಾಪುರ, ಬೈಲಹೊಂಗಲ, ಗೋಕಾಕದ ಬಸ್ ಹತ್ತುವ ಜನ ನಮ್ಮ ಗಿರಾಕಿ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನೂ ಇನ್ನೊಂದು ಕೈಯಲ್ಲಿ ಓದಬಹುದು. ದೊಡ್ಡ ಪೇಪರ್ ಬಿಚ್ಚಿದರೆ ಪಕ್ಕದವರ ಮೂಗಿಗೆ ತಾಗುತ್ತೆ.

ಹಳೇ ಯಜಮಾನರು ಸಂಜೆ ಏಳಕ್ಕೆ ಆಫೀಸಿಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು. "ರಿಟರ್ನ್ ಎಷ್ಟು ಬಂತಪಾ?" ರಿಟರ್ನ್ ಅಂದರೆ ಮಾರಾಟವಾಗದೆ ವಾಪಸ್ ಬಂದ ಪ್ರತಿ. ನಲವತ್ತು ಅಂದರೆ ಮುಖ ಗಂಟು. ಮರುದಿನದ ಹೆಡ್ಡಿಂಗ್ ಬಗ್ಗೆ ಸಂಪಾದಕರಿಗೂ ಅವರಿಗೂ ಜಗಳ. ಹದಿನೈದು ಅಂದರೆ ಎಲ್ಲರಿಗೂ ಚಹಾ. ನಮಗೆ ಆಗ ಈ ಮನುಷ್ಯನ ಜಿಪುಣತನ ಸಾಕಾಗಿತ್ತು. ರದ್ದಿಯನ್ನೂ ತಾವೇ ನಿಂತು ತೂಕ ಹಾಕಿಸುತ್ತಿದ್ದರು.

ಇದೆಲ್ಲ ನೆನಪಾಗಿದ್ದು 2017ರ ಸೆಪ್ಟೆಂಬರ್‌ನಲ್ಲಿ ಓದಿದ ಒಂದು ಸುದ್ದಿಯಿಂದ. ನ್ಯೂಯಾರ್ಕಿನ 'ಡೇಲಿ ನ್ಯೂಸ್' ಪತ್ರಿಕೆ ಒಂದು ಡಾಲರ್‌ಗೆ ಮಾರಾಟ. ಅವತ್ತಿನ ಲೆಕ್ಕಕ್ಕೆ ಸುಮಾರು 64 ರೂಪಾಯಿ. ಅಷ್ಟಕ್ಕೆ ನಮ್ಮಲ್ಲಿ ಕಾಲು ಕಿಲೋ ಕುಂದಾ ಬರುತ್ತಿರಲಿಲ್ಲ. ನಾನು ಅಚ್ಚಿನ ತಪ್ಪು ಇರಬೇಕು ಅಂದುಕೊಂಡೆ. ನಮ್ಮ ಕೈಯಲ್ಲೂ ಎಷ್ಟೋ ಸಲ ಸೊನ್ನೆ ಉದುರಿ ಹೋಗಿವೆ! ತಪ್ಪಲ್ಲ, ನಿಜವೇ. ಅವತ್ತಿನಿಂದ ಆ ಪೇಪರಿನ ಚರಿತ್ರೆ ಸಿಕ್ಕಲ್ಲೆಲ್ಲ ಓದುತ್ತಾ ಬಂದಿದ್ದೇನೆ.

ಶುರುವಾಗಿದ್ದು 1919ರ ಜೂನ್ 26ಕ್ಕೆ. ಶುರು ಮಾಡಿದವರು ಜೋಸೆಫ್ ಮೆಡಿಲ್ ಪ್ಯಾಟರ್ಸನ್, ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಮನೆತನದವರು. ಲಂಡನ್ನಿನ ಡೇಲಿ ಮಿರರ್ ನೋಡಿ ಬಂದಿದ್ದರು. ಅರ್ಧ ಸೈಜು, ಪುಟದ ತುಂಬ ಫೋಟೋ. ಅಮೆರಿಕದಲ್ಲಿ ನೆಲೆ ನಿಂತ ಮೊದಲ ಟ್ಯಾಬ್ಲಾಯ್ಡ್ ದಿನಪತ್ರಿಕೆ ಇದೇ. ಅಲ್ಲಿ ಸುರಂಗದ ರೈಲಿನಲ್ಲಿ ನಿಂತು ಹೋಗುವ ಜನ, ಇಲ್ಲಿ ಬೈಲಹೊಂಗಲ ಬಸ್ಸಿನ ಜನ. ಅಷ್ಟೇ ಫರಕು. ಅಂದ ಹಾಗೆ, ಟ್ಯಾಬ್ಲಾಯ್ಡ್ ಅನ್ನೋದು ಮೊದಲು ಪತ್ರಿಕೆಯವರ ಪದವೇ ಅಲ್ಲ, ಔಷಧದವರದ್ದು. 1884ರಲ್ಲಿ ಬರೋಸ್ ವೆಲ್ಕಮ್ ಕಂಪನಿ ತನ್ನ ಗುಳಿಗೆಗಳಿಗೆ ಇಟ್ಟ ಹೆಸರು. ಪುಡಿಯನ್ನು ಒತ್ತಿ ಸಣ್ಣದು ಮಾಡಿದ ಹಾಗೆ ಸುದ್ದಿಯನ್ನೂ ಒತ್ತಿ ಸಣ್ಣದು ಮಾಡುವುದು.

ಗುಳಿಗೆ ಕೆಲವು ಸಲ ಬಹಳ ಕಹಿ. 1928ರ ಜನವರಿಯಲ್ಲಿ ರೂತ್ ಸ್ನೈಡರ್ ಅನ್ನೋ ಹೆಂಗಸಿಗೆ ಸಿಂಗ್ ಸಿಂಗ್ ಜೈಲಿನಲ್ಲಿ ವಿದ್ಯುತ್ ಕುರ್ಚಿಯ ಮರಣದಂಡನೆ ಆಯಿತು. ಒಳಗೆ ಕ್ಯಾಮೆರಾ ಬಿಡುತ್ತಿರಲಿಲ್ಲ. ಟಾಮ್ ಹೋವರ್ಡ್ ಅನ್ನೋ ಫೋಟೋಗ್ರಾಫರ್ ಸಣ್ಣ ಕ್ಯಾಮೆರಾವನ್ನು ಕಾಲಿನ ಗಿಣ್ಣಿಗೆ ಕಟ್ಟಿಕೊಂಡು ಹೋದ. ಅದರ ವೈರನ್ನು ಪ್ಯಾಂಟಿನ ಒಳಗಿಂದ ಜೇಬಿಗೆ ತಂದುಕೊಂಡಿದ್ದ. ಸರಿಯಾದ ಹೊತ್ತಿಗೆ ಒತ್ತಿದ. ಮರುದಿನ ಮುಖಪುಟದ ತುಂಬ ಆ ಫೋಟೋ, ಮೇಲೆ ಒಂದೇ ಶಬ್ದದ ಹೆಡ್ಡಿಂಗ್: 'ಸತ್ತಳು!' ಇದನ್ನು ಹೊಗಳಬೇಕೋ ಬೈಯಬೇಕೋ? ನಾನಂತೂ ಬೈಯುತ್ತೇನೆ. ಆದರೆ ನಮ್ಮ ಪೇಪರ್‌ನಲ್ಲೂ ಅಪಘಾತದ ಫೋಟೋ ದೊಡ್ಡದಾಗಿ ಹಾಕಿದ ದಿನ ರಿಟರ್ನ್ ಹತ್ತರ ಒಳಗೆ. ಆ ಫೋಟೋ ದೊಡ್ಡದು ಮಾಡಿದ ಕೈ ನನ್ನದೇ.

ಜನ ಬೈಕೊಂಡೇ ಓದಿದರು. 1947ರ ಹೊತ್ತಿಗೆ ಡೇಲಿ ನ್ಯೂಸ್ ದಿನಕ್ಕೆ 24 ಲಕ್ಷ ಪ್ರತಿ, ಭಾನುವಾರ 47 ಲಕ್ಷ. ನಲವತ್ತೆರಡನೇ ಬೀದಿಯಲ್ಲಿ ಅವರದ್ದೇ ಗಗನಚುಂಬಿ ಕಟ್ಟಡ, ಒಳಗೆ ಕಾಲಿಟ್ಟರೆ ತಿರುಗುವ ದೊಡ್ಡ ಭೂಗೋಲ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿಗೆ ಬಂದಾಗ ಅಧ್ಯಕ್ಷ ಫೋರ್ಡ್ ಕೇಂದ್ರದ ನೆರವು ಕೊಡಲ್ಲ ಅಂದರು. ಮರುದಿನದ ಹೆಡ್ಡಿಂಗ್ ನಮ್ಮ ಮಾತಿನಲ್ಲಿ ಹೇಳಬೇಕು ಅಂದರೆ, 'ನಗರಕ್ಕೆ ಫೋರ್ಡ್: ಹಾಳಾಗಿ ಹೋಗ್ರಿ'. ಫೋರ್ಡ್ ಆ ಶಬ್ದ ಆಡಿರಲೇ ಇಲ್ಲ. ಆದರೂ ಇವತ್ತಿಗೂ ಜನ ನೆನಪಿಟ್ಟಿದ್ದು ಹೆಡ್ಡಿಂಗ್‌ನ್ನೇ.

ಆಮೇಲೆ ಇಳಿತ. ಟಿವಿ ಬಂತು, ಓದುಗರು ಊರ ಹೊರಗಿನ ಬಡಾವಣೆಗಳಿಗೆ ಹೋದರು, ಜಾಹೀರಾತು ಕಡಿಮೆಯಾಯಿತು. 1990ರ ಅಕ್ಟೋಬರ್‌ನಲ್ಲಿ ನೌಕರರ ಮುಷ್ಕರ, ಐದು ತಿಂಗಳು. ಪೇಪರ್ ಅಚ್ಚಾಗುತ್ತಿತ್ತು, ಆದರೆ ಬೆದರಿಕೆಗೆ ಅಂಜಿ ಅಂಗಡಿಯವರು ಇಡುತ್ತಿರಲಿಲ್ಲ. ಕಡೆಗೆ ಮನೆ ಇಲ್ಲದ ಜನರ ಕೈಗೆ ಬಂಡಲ್ ಕೊಟ್ಟು ರೈಲಿನಲ್ಲಿ ಮಾರಿಸಿದರು. ಏಜೆಂಟರು ಕೈಬಿಟ್ಟರೆ ಎಂಥಾ ದೊಡ್ಡ ಪೇಪರಿಗೂ ಇದೇ ಗತಿ ಅಲ್ವಾ?

ಪತ್ರಿಕೆಯ ಮಾಲೀಕತ್ವ ಇದ್ದ ಟ್ರಿಬ್ಯೂನ್ ಕಂಪನಿಗೆ ಸಾಕಾಯಿತು. 1991ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ತಗೊಂಡರು. ತಗೊಂಡವರು ದುಡ್ಡು ಕೊಡಲಿಲ್ಲ, ಕೊಟ್ಟವರೇ ದುಡ್ಡು ಕೊಟ್ಟರು! ಟ್ರಿಬ್ಯೂನ್‌ನವರು ಮ್ಯಾಕ್ಸ್‌ವೆಲ್‌ಗೆ 6 ಕೋಟಿ ಡಾಲರ್ ಕೊಟ್ಟು ಪತ್ರಿಕೆ ಸಾಗಹಾಕಿದರು. ಎಮ್ಮೆ ಕೊಟ್ಟು ಮೇಲೆ ಮೇವಿನ ದುಡ್ಡೂ ಕೊಟ್ಟಂಗೆ. ಪತ್ರಿಕೆ ಉಳಿಸಿದ ಪುಣ್ಯಾತ್ಮ ಅಂತ ಊರೆಲ್ಲ ಕೊಂಡಾಡಿತು. ಎಂಟು ತಿಂಗಳಿಗೆ, ನವೆಂಬರ್ 5ಕ್ಕೆ, ಆತ ತನ್ನ ವಿಹಾರನೌಕೆಯಿಂದ ಸಮುದ್ರಕ್ಕೆ ಬಿದ್ದು ಸತ್ತ. ಆಮೇಲೆ ನೋಡಿದರೆ ಬ್ರಿಟನ್ನಿನ ಅವನ ಕಂಪನಿಗಳ ನೌಕರರ ಪಿಂಚಣಿ ನಿಧಿಯಿಂದ ನೂರಾರು ಮಿಲಿಯನ್ ಪೌಂಡ್ ಮಾಯ. ಡಿಸೆಂಬರ್‌ನಲ್ಲಿ ಡೇಲಿ ನ್ಯೂಸ್ ದಿವಾಳಿ ಅರ್ಜಿ ಹಾಕಿತು. 1993ರಲ್ಲಿ ಮಾರ್ಟ್ ಜುಕರ್‌ಮನ್ ಅನ್ನೋ ಕಟ್ಟಡದ ಉದ್ಯಮಿ ತಗೊಂಡು ಇಪ್ಪತ್ತನಾಲ್ಕು ವರ್ಷ ನಡೆಸಿದರು.

ನನಗೆ ಹೊಟ್ಟೆ ಉರಿದಿದ್ದು ಇಲ್ಲಿ. 2017ರ ಏಪ್ರಿಲ್‌ನಲ್ಲಿ ಇದೇ ಪತ್ರಿಕೆಗೆ ಅಮೆರಿಕದ ದೊಡ್ಡ ಪತ್ರಿಕಾ ಪ್ರಶಸ್ತಿ ಪುಲಿಟ್ಜರ್ ಬಂತು. ಪೊಲೀಸರು ಒಂದು ಹಳೇ ಕಾನೂನನ್ನು ದುರುಪಯೋಗ ಮಾಡಿ ಬಡವರನ್ನು, ಹೆಚ್ಚಾಗಿ ಕರಿಯರನ್ನು, ಮನೆಯಿಂದ ಹೊರಗೆ ಹಾಕಿಸುತ್ತಿದ್ದರು. ಅದನ್ನು ಪ್ರೊಪಬ್ಲಿಕಾ ಅನ್ನೋ ತನಿಖಾ ಸುದ್ದಿಸಂಸ್ಥೆ ಜೊತೆ ಸೇರಿ ಬಯಲು ಮಾಡಿದ್ದಕ್ಕೆ. ಸೆಪ್ಟೆಂಬರ್‌ನಲ್ಲಿ ಪತ್ರಿಕೆ ಒಂದು ಡಾಲರ್‌ಗೆ ಹೋಯಿತು. ತಗೊಂಡ ಟ್ರಾಂಕ್ ಕಂಪನಿ ಅಂದರೆ ಹಳೇ ಟ್ರಿಬ್ಯೂನ್‌ನ ಪತ್ರಿಕೆಗಳ ಪಾಲೇ, ಹೊಸ ಹೆಸರಿನಲ್ಲಿ. ಒಂದು ಡಾಲರ್ ಬರೀ ಕಾಗದಕ್ಕೆ. ಸಾಲ, ನೌಕರರ ಪಿಂಚಣಿ ಹೊಣೆ ಎಲ್ಲ ಹೊತ್ತುಕೊಳ್ಳೋದೇ ನಿಜವಾದ ಬೆಲೆ. 2018ರ ಜುಲೈನಲ್ಲಿ ಸಂಪಾದಕೀಯ ವಿಭಾಗದ ಅರ್ಧ ಜನರನ್ನು ಒಂದೇ ದಿನ ತೆಗೆದರು. 2020ರಲ್ಲಿ ಆಫೀಸನ್ನೇ ಮುಚ್ಚಿದರು. 2021ರಲ್ಲಿ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಅನ್ನೋ ಹೂಡಿಕೆ ಸಂಸ್ಥೆಯ ಪಾಲಾಯಿತು. ಪತ್ರಿಕೆಯ ಹೆಸರು ಮಾತ್ರ ಅದೇ.

ಅದೇ ಊರಿನ ಇನ್ನೊಂದು ಟ್ಯಾಬ್ಲಾಯ್ಡ್ 'ನ್ಯೂಯಾರ್ಕ್ ಪೋಸ್ಟ್'. 1801ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಶುರು ಮಾಡಿದ್ದು. 1976ರಲ್ಲಿ ಆಗಿನ ಮಾಲೀಕರಾದ ಡೊರೊತಿ ಶಿಫ್ ಅವರಿಂದ ಪತ್ರಿಕೋದ್ಯಮಿ ರೂಪರ್ಟ್ ಮರ್ಡೋಕ್ ಕೊಂಡರು. ಮರುವರ್ಷವೇ ಮೇಯರ್ ಚುನಾವಣೆ. ಪೋಸ್ಟ್ ಮುಖಪುಟದಲ್ಲೇ ಎಡ್ ಕಾಚ್ ಅನ್ನೋ ಅಭ್ಯರ್ಥಿ ಪರ ನಿಂತಿತು. ಇದು ಸುದ್ದಿಯೋ ಪ್ರಚಾರವೋ ಅಂತ ಪತ್ರಿಕೆಯ ವರದಿಗಾರರೇ ಮಾಲೀಕರಿಗೆ ಸಹಿ ಹಾಕಿ ಪತ್ರ ಕೊಟ್ಟರು. ಕಾಚ್ ಗೆದ್ದರು. ಒಂದೇ ಊರಿನಲ್ಲಿ ಟಿವಿ ಸ್ಟೇಷನ್ನೂ ಪೇಪರೂ ಒಬ್ಬರೇ ಇಟ್ಟುಕೊಳ್ಳಬಾರದು ಅನ್ನೋ ನಿಯಮದಿಂದ 1988ರಲ್ಲಿ ಮರ್ಡೋಕ್ ಪೋಸ್ಟ್ ಮಾರಬೇಕಾಯಿತು. 1993ರಲ್ಲಿ ಅದು ಮುಳುಗುತ್ತಿದ್ದಾಗ ನಿಯಮ ಸಡಿಲಿಸಿ ಅವರಿಗೇ ವಾಪಸ್ ಕೊಟ್ಟರು. ದಶಕಗಳ ಕಾಲ ಆ ಪೇಪರ್ ನಷ್ಟದಲ್ಲೇ ಇತ್ತು. ಆದರೂ ಮರ್ಡೋಕ್ ಅದನ್ನು ಬಿಡಲಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಲಾಭ ಬೇಕು ಅನ್ನೋ ಮಾಲೀಕನ ಬಗ್ಗೆ ನಾವೆಲ್ಲ ಬಾಯಿ ತುಂಬ ಬೈತೀವಿ. ನಷ್ಟ ಆದರೂ ಪರವಾಗಿಲ್ಲ, ನಡೆಸ್ತೀನಿ ಅನ್ನೋನನ್ನ ದೊಡ್ಡ ಮನುಷ್ಯ ಅಂತೀವಿ. ನನಗೆ ಹೆದರಿಕೆ ಆಗೋದು ಎರಡನೆಯವನನ್ನು ಕಂಡರೆ. ಲಾಭ ಬೇಕಾದವನಿಗೆ ಬಸ್ಸಿನಲ್ಲಿ ನಿಂತ ಓದುಗನ ಒಂದು ರೂಪಾಯಿ ಬೇಕು, ಅವನ ಮರ್ಜಿ ಕಾಯಬೇಕು. ನಷ್ಟಕ್ಕೆ ನಡೆಸೋನು ಇನ್ಯಾರದೋ ಮರ್ಜಿ ಕಾಯುತ್ತಿರುತ್ತಾನೆ.

ನಮ್ಮ ಹೊಸ ಯಜಮಾನರು ಬಂದ ದಿನ ಪೇಢೆ ಹಂಚಿದರು. ಜಾಗದ ವ್ಯವಹಾರ ಅವರದ್ದು. ಹೊಸ ಕಂಪ್ಯೂಟರ್ ಬಂತು, ಏಸಿ ಬಂತು, ಸಂಬಳ ಐನೂರು ಏರಿತು. ಡಿಕ್ಲರೇಷನ್ (ಪತ್ರಿಕೆ ಯಾರದ್ದು ಅಂತ ಸರ್ಕಾರಕ್ಕೆ ಕೊಡುವ ಘೋಷಣೆ) ಕಾಗದ ಆಗಿ ಬಂದ ಮೇಲೆ ನಾನು ಪ್ರಿಂಟ್‌ಲೈನ್‌ನಲ್ಲಿ ಹೆಸರು ಬದಲಿಸಿದೆ. ಎರಡು ನಿಮಿಷದ ಕೆಲಸ. ಎರಡು ಸಾವಿರ ಚಿಲ್ಲರೆ ಪ್ರತಿ ಹೋದವು. ಹೆಸರು ಬದಲಾಯಿತಲ್ಲ ಅಂತ ಒಂದು ಫೋನ್ ಕೂಡ ಬರಲಿಲ್ಲ. ಹಿಂದೊಮ್ಮೆ ರಾಶಿ ಭವಿಷ್ಯದಲ್ಲಿ ಕನ್ಯಾ ರಾಶಿ ಬಿಟ್ಟುಹೋದಾಗ ಹನ್ನೊಂದು ಫೋನ್ ಬಂದಿದ್ದವು!

ಮಾರ್ಚ್‌ನಲ್ಲಿ ಫಾರ್ಮ್ 4 ಹಾಕಬೇಕಿತ್ತು. ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪತ್ರಿಕೆಯ ಮಾಲೀಕರು ಯಾರು, ಬಂಡವಾಳದಲ್ಲಿ ಶೇಕಡಾ 1ಕ್ಕಿಂತ ಜಾಸ್ತಿ ಪಾಲು ಯಾರದ್ದು ಅಂತ ಅಚ್ಚು ಮಾಡಲೇಬೇಕು ಅನ್ನೋ ನಿಯಮ ಆಗ ಇತ್ತು. ಒಂದೇ ಹೆಸರು ಕೊಟ್ಟರು, ಕೂರಿಸಿದೆ. ಆ ಹೆಸರಿನ ಹಿಂದೆ ಇನ್ನೂ ಯಾರ ದುಡ್ಡು ಇದೆ ಅಂತ ಚಹಾ ತರೋ ಹುಡುಗನಿಗೂ ಗೊತ್ತಿತ್ತು.

ಆ ಮನುಷ್ಯ ಇದ್ದಷ್ಟು ದಿನ ಒಮ್ಮೆಯೂ ರಿಟರ್ನ್ ಕೇಳಲಿಲ್ಲ. ಮೊದಮೊದಲು ನಮಗೆ ಖುಷಿ. ಆಮೇಲೆ ಏಜೆಂಟರೂ ಲೆಕ್ಕ ಕೊಡೋದು ಬಿಟ್ಟರು. 2008ರ ಮೇ ವಿಧಾನಸಭಾ ಚುನಾವಣೆ ಹತ್ತಿರ ಬಂದಂತೆ ಮೊದಲ ಪುಟದ ಮ್ಯಾಟರ್ ಹೊರಗಿಂದಲೇ ಬರುತ್ತಿತ್ತು, ಸಿಡಿಯಲ್ಲಿ, ಹೆಡ್ಡಿಂಗ್ ಸಮೇತ. ಸಂಪಾದಕರು ಪ್ರೂಫ್ ಮಾತ್ರ ನೋಡುತ್ತಿದ್ದರು. ಫಲಿತಾಂಶ ಬಂತು. ಹೊಸ ಯಜಮಾನರು ಅಂದುಕೊಂಡ ಹಾಗೆ ಬರಲಿಲ್ಲ. ನಾಲ್ಕು ತಿಂಗಳಿಗೆ ಬಾಗಿಲಿಗೆ ಬೀಗ. ನನ್ನದು ಮೂರು ತಿಂಗಳ ಸಂಬಳ ಇನ್ನೂ ಬಾಕಿ. ಪಿಂಚಣಿ ಗಿಂಚಣಿ ನಮ್ಮಲ್ಲಿ ಇರಲೇ ಇಲ್ಲ, ಕದಿಯೋಕೆ.

ಹಾಗಾದರೆ ಟ್ರಸ್ಟ್ ನಡೆಸಲಿ ಅಂತ ಗೆಳೆಯರು ಹೇಳುತ್ತಾರೆ. ಉದಾಹರಣೆ ನಮ್ಮಲ್ಲೇ ಇದೆ. ಸಂಯುಕ್ತ ಕರ್ನಾಟಕ ಹುಟ್ಟಿದ್ದು ಬೆಳಗಾವಿಯಲ್ಲಿ, ಆಮೇಲೆ ಹುಬ್ಬಳ್ಳಿಗೆ ಹೋಯಿತು. ರಂಗನಾಥ ದಿವಾಕರ, ಮೊಹರೆ ಹಣಮಂತರಾಯರಂಥ ಸ್ವಾತಂತ್ರ್ಯ ಹೋರಾಟಗಾರರು ಕಟ್ಟಿದ್ದು. ನಡೆಸುವುದು ಲೋಕಶಿಕ್ಷಣ ಟ್ರಸ್ಟ್. ಜನಕ್ಕೆ ಶಿಕ್ಷಣ ಕೊಡುತ್ತೇವೆ, ಆದಾಯ ತೆರಿಗೆ ವಿನಾಯಿತಿ ಕೊಡಿ ಅಂತ ಈ ಟ್ರಸ್ಟ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಪತ್ರಿಕೆ ನಡೆಸುವುದು ಲಾಭದ ಚಟುವಟಿಕೆ, ಧರ್ಮಾರ್ಥ ಕೆಲಸ ಅಲ್ಲ ಅಂತ 1975ರಲ್ಲಿ ಕೋರ್ಟ್ ವಿನಾಯಿತಿ ನಿರಾಕರಿಸಿತು. ತೆರಿಗೆ ಮಾತು ಒಂದು ಕಡೆ ಇರಲಿ. ಟ್ರಸ್ಟ್ ಆದರೂ ರಿಟರ್ನ್ ಎಣಿಸಲೇಬೇಕು ಅಂತ ನನಗೆ ಅರ್ಥವಾಗಿದ್ದು.

ಹಳೇ ಯಜಮಾನರು ತೀರಿಕೊಂಡು ಆರು ವರ್ಷ. ಪೇಪರ್ ಮಾರಿದ ಮೇಲೂ ದಿನಾ ಸಂಜೆ ಶಹಾಪುರದಿಂದ ನಡೆದು ಬಸ್ ಸ್ಟ್ಯಾಂಡಿಗೆ ಬಂದು, ಒಂದು ರೂಪಾಯಿ ಕೊಟ್ಟು ಒಂದು ಪ್ರತಿ ತಗೊಳ್ಳುತ್ತಿದ್ದರು. ತಗೊಂಡು ಹೋಗುವ ಮುಂಚೆ ಮಾರುವವನಿಗೆ ಅದೇ ಪ್ರಶ್ನೆ.

ಹೋದ ವಾರ ಆ ಮಾರುವವನು ಸಿಕ್ಕಿದ್ದ. ಈಗ ಮೊಬೈಲ್ ಕವರ್, ನೀರಿನ ಬಾಟಲಿ ಮಾರುತ್ತಾನೆ. ಮಾತಾಡುತ್ತಾ ನಿಂತಾಗ ಅಂದ: "ಅಣ್ಣಾರ, ಕಡೀ ದಿನದ್ದು ಹದಿನೆಂಟು ರಿಟರ್ನ್ ಇನ್ನಾ ನನ್ನ ಹಂತೇಕ ಅದಾವ್ರಿ. ಯಾರೂ ಬಂದು ಒಯ್ಯಲೇ ಇಲ್ಲ. ಯಾರಿಗ್ ಕೊಡ್ಲಿ?"

"ನನಗೊಂದು ಕೊಡಪಾ" ಅಂದೆ.

ಮರುದಿನ ತಂದುಕೊಟ್ಟ. ಹಳದಿ ಆಗಿತ್ತು, ಮಡಿಕೆ ಹರಿದಿತ್ತು. ಕೈಯಲ್ಲಿ ಇಟ್ಟವನು ಬಿಡಲಿಲ್ಲ. "ಒಂದ್ ರೂಪಾಯಿ ಕೊಡ್ರಿ ಮತ್ತ" ಅಂತ ನಕ್ಕ. ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ. ಫೋನ್‌ಪೇ ಮಾಡಿದೆ.